ಆಮಿಷವೊಡ್ಡುವುದೂ ಬೇಟೆಯೇ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ಒಂದನ್ನೊಂದು ಸಂಧಿಸುವ ಸೀಮೆಯಲ್ಲಿ, ಹೆಬ್ಬೂರು ಮತ್ತು ಸಿ.ಎಸ್. ಪುರದ ಆಸುಪಾಸಿನ ಹಳ್ಳಿಗಳಲ್ಲಿ, 2019ರ ಅಕ್ಟೋಬರಿನಿಂದ 2020ರ ಮೊದಲ ತಿಂಗಳುಗಳವರೆಗೆ ಚಿರತೆಯ ಬಾಯಿಗೆ ಸಿಕ್ಕಿ ವೃದ್ಧರೂ ಎಳೆಯ ಮಕ್ಕಳೂ ಪ್ರಾಣ ನೀಗಿದ ಮೇಲೆ, ಈ ಭಾಗದಲ್ಲಿ ಆ ಮೃಗದ ಹೆಸರೆತ್ತಿದೊಡನೆ ಕೇಳಿಬರುವ ಬೇಡಿಕೆ ಒಂದೇ ಆಗಿದೆ: ಬೋನು ಇಡಿ. ಕುರಿಯೊಂದು ಕಾಣೆಯಾದರೂ ಬೋನು, ತೋಟದ ಬದುವಿನ ಮೇಲೆ ಹೆಜ್ಜೆ ಮೂಡಿದರೂ ಬೋನು, ಎಲ್ಲಿಯದೋ ಒಂದು ಚಿತ್ರ ಮೊಬೈಲಿನಲ್ಲಿ ಹರಿದಾಡಿದರೂ ಬೋನು. ಮಗುವನ್ನು ಕಳೆದುಕೊಂಡ ಮನೆಯವರು ಹಾಗೆ ಕೇಳಿದರೆ ಅದನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಶೋಕವನ್ನು ಮುಂದಿಟ್ಟುಕೊಂಡು, ಒಳಗೊಂದು ಮೇಕೆಯನ್ನೋ ನಾಯಿಯನ್ನೋ ಕಟ್ಟಿದ ಕಬ್ಬಿಣದ ಪೆಟ್ಟಿಗೆಯನ್ನೇ ಸರ್ಕಾರದ ನೀತಿಯೆಂದು ಮೆರೆಸುವ ಜನಪ್ರತಿನಿಧಿಗಳೂ ಅವರ ಮಾತಿಗೆ ತಲೆಬಾಗುವ ಅಧಿಕಾರಿಗಳೂ ಉತ್ತರ ಹೇಳಬೇಕಾದ ಪ್ರಶ್ನೆಗಳು ಅನೇಕವಿವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿರೂಪಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಹಿಡಿಯುವುದು, ಉರುಲೊಡ್ಡುವುದು, ಆಮಿಷವಿಟ್ಟು ಸೆಳೆಯುವುದು ಇವೆಲ್ಲವನ್ನೂ ಅದರೊಳಗೆ ಸೇರಿಸಿತು. ಚಿರತೆ ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಮನುಷ್ಯಜೀವಕ್ಕೆ ಅಪಾಯಕರವಾದ ಇಂತಹ ಪ್ರಾಣಿಯನ್ನು ಬೇಟೆಯಾಡಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ನಮೂದಿಸಿ ಲಿಖಿತ ಆಜ್ಞೆ ಹೊರಡಿಸತಕ್ಕದ್ದು. ಹೀಗಿರುವಾಗ ಒಂದು ಬೋನನ್ನು ಊರ ಹೊರಗೆ ಇಳಿಸುವುದು ಬಂದೂಕಿಗೆ ಅನುಮತಿ ನೀಡುವಷ್ಟೇ ಗುರುತರವಾದ ಕಾರ್ಯವಾಗಬೇಕಿತ್ತು. ನಮ್ಮಲ್ಲಿ ಅದು ನೀರಿನ ಟ್ಯಾಂಕರ್ ಕಳುಹಿಸಿದಷ್ಟೇ ಹಗುರವಾದ ಉಪಚಾರವಾಗಿದೆ.

ಆಮಿಷಕ್ಕೆ ಅಪರಾಧಿಯ ಗುರುತು ತಿಳಿಯದು. ಬೋನಿಗೆ ಬೀಳುವುದು ಮನುಷ್ಯನ ಮೇಲೆರಗಿದ ಚಿರತೆಯೇ ಆಗಿರಬೇಕೆಂಬ ನಿಯಮವಿಲ್ಲ; ಆ ದಾರಿಯಲ್ಲಿ ಹಸಿದು ನಡೆದ ಯಾವುದಾದರೂ ಆಗಬಹುದು, ವರ್ಷಗಟ್ಟಲೆ ಊರಂಚಿನಲ್ಲಿದ್ದೂ ಯಾರ ಕಣ್ಣಿಗೂ ಬೀಳದೆ ಬದುಕಿದ ಹೆಣ್ಣು ಚಿರತೆಯೂ ಆಗಬಹುದು. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವು, ಕಾಡೇ ಇಲ್ಲದ ಜನನಿಬಿಡ ಪ್ರದೇಶದಲ್ಲಿಯೂ 100 ಚದರ ಕಿಲೋಮೀಟರಿಗೆ ಸುಮಾರು 5 ವಯಸ್ಕ ಚಿರತೆಗಳು ಬಾಳುತ್ತಿರುವುದನ್ನು ತೋರಿಸಿಕೊಟ್ಟಿತು. ಅದೇ ರಾಜ್ಯದ ಜುನ್ನರಿನಲ್ಲಿ 2001ರಿಂದಾಚೆಗೆ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆಡೆ ಬಿಟ್ಟಾಗ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೇರಿತು. ನೆಲೆ ತಪ್ಪಿದ ಪ್ರಾಣಿ ಹೊಸ ಜಾಗದಲ್ಲಿ ದಿಕ್ಕುಗೆಡುತ್ತದೆ. ತೆರವಾದ ನೆಲೆಗೆ ಮತ್ತೊಂದು ಬಂದು ಸೇರುತ್ತದೆ. 2011ರಲ್ಲಿ ಕೇಂದ್ರ ಸರ್ಕಾರವೇ ಹೊರಡಿಸಿದ ಮಾರ್ಗಸೂಚಿಯು ಈ ಸ್ಥಳಾಂತರದ ಚಾಳಿಯನ್ನು ನಿರುತ್ತೇಜಿಸಿತು. ಗುಬ್ಬಿಯ ಹೆಸರನ್ನೇ ತಮ್ಮ ಹೆಸರಿನೊಡನೆ ಹೊತ್ತು ಚಿರತೆಗಳನ್ನು ಕುರಿತು ವರ್ಷಾನುಗಟ್ಟಲೆ ಶೋಧಿಸಿದ ಸಂಜಯ್ ಗುಬ್ಬಿಯವರಂತಹ ವಿಜ್ಞಾನಿ ಈ ನಾಡಿನಲ್ಲಿಯೇ ಇರುವಾಗ, ತಿಳಿವಳಿಕೆ ದೊರೆಯಲಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ.

ಋತುವಿನ ಮಾತನ್ನಂತೂ ಇಲ್ಲಿ ಯಾರೂ ಎತ್ತುವುದಿಲ್ಲ. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಕರಿ ಕರಡಿಯನ್ನು ಸಿಹಿತಿನಿಸುಗಳ ರಾಶಿಯೊಡ್ಡಿ ಬೇಟೆಯಾಡುವ ಪದ್ಧತಿಯುಂಟು. ಕೊಲರಾಡೊ 1992ರಲ್ಲಿ ಜನಮತದಿಂದ ಅದನ್ನು ನಿಷೇಧಿಸಿತು, ಮೇಯ್ನ್ ಸಂಸ್ಥಾನದ ಮತದಾರರು 2004 ಮತ್ತು 2014ರಲ್ಲಿ ಎರಡು ಸಲವೂ ಉಳಿಸಿಕೊಂಡರು. ಆ ಕ್ರೂರ ವಿನೋದವನ್ನು ನಾನು ಸಮರ್ಥಿಸಲಾರೆ; ಆದರೆ ಆ ಬೇಟೆಗಾರನಿಗೆ ತಿಳಿದ ಒಂದು ಸಂಗತಿ ನಮ್ಮ ಕಚೇರಿಗಳಿಗೆ ತಿಳಿದಂತಿಲ್ಲ. ಚಳಿಗಾಲದ ದೀರ್ಘನಿದ್ರೆಗೆ ಮುನ್ನ ಆ ಕರಡಿಯ ಹಸಿವು ವಿಪರೀತವಾಗುತ್ತದೆ. ಆದರೂ ಓಕ್ ಮತ್ತು ಬೀಚ್ ಮರಗಳು ಕಾಯಿ ಸುರಿಸಿದ ವರ್ಷ ಅದು ಆಮಿಷದ ಕಡೆಗೆ ಅಷ್ಟಾಗಿ ಸುಳಿಯುವುದಿಲ್ಲ. ನಮ್ಮ ದೇವರಾಯನದುರ್ಗದ ಕರಡಿ ಹಾಗೆ ನಿದ್ರಿಸುವ ಜಾತಿಯದಲ್ಲ; ಆದರೂ ಹಣ್ಣಿನ ಕಾಲದಲ್ಲಿ ಹಣ್ಣನ್ನೂ ಉಳಿದಂತೆ ಗೆದ್ದಲನ್ನೂ ಅರಸುತ್ತ ಅದೂ ತನ್ನ ಪಂಚಾಂಗವನ್ನು ಪಾಲಿಸುತ್ತದೆ. ಚಿರತೆಗೆ ಹಣ್ಣಿನ ಕಾಲವೂ ಇಲ್ಲ, ನಿಯತವಾದ ಬೆದೆಯ ಕಾಲವೂ ಇಲ್ಲ. ಅದರ ಋತುವನ್ನು ನಿರ್ಣಯಿಸುವವರು ನಾವೇ. ಮಳೆ ಕಳೆದು ಲಂಟಾನಾ ಕೆರೆಯ ಏರಿಯವರೆಗೂ ಹಬ್ಬಿದಾಗ, ರಾಗಿ ಹೊಲದಲ್ಲಿ ಪೈರು ಎದ್ದು ನಿಂತಾಗ ಅದಕ್ಕೆ ಮರೆ ದೊರೆಯುತ್ತದೆ. ಕುಯ್ಲು ಮುಗಿದು ಹೊಲ ಬಯಲಾದಾಗ ಆ ಮರೆ ತೋಟಗಳಿಗೂ ನೀಲಗಿರಿಯ ತೋಪುಗಳಿಗೂ, ಎಂದರೆ ಮನೆಗಳ ಬೆನ್ನಿಗೇ, ಸರಿಯುತ್ತದೆ. ಹೆಬ್ಬೂರು, ಸಿ.ಎಸ್. ಪುರದ ಕಡೆಯ ಆ ಸಾವುಗಳೂ ಇದೇ ತಿಂಗಳುಗಳಲ್ಲಿ ಸಂಭವಿಸಿದುವು. ಎಚ್ಚರಿಕೆಯ ಡಂಗುರ ಸಾರುವುದಕ್ಕೂ ಪೊದೆ ಸವರುವುದಕ್ಕೂ ತಕ್ಕ ಕಾಲ ಯಾವುದೆಂಬುದನ್ನು ಯಾವ ರೈತನಾದರೂ ಹೇಳಬಲ್ಲನು. ಬೋನು ಮಾತ್ರ ಸಾವಿನ ಮರುದಿನವೇ ಬರುತ್ತದೆ.

ಇನ್ನು, ವರ್ಷದ ಹನ್ನೆರಡು ತಿಂಗಳೂ ಯಾರ ಲಿಖಿತ ಆಜ್ಞೆಯೂ ಇಲ್ಲದೆ ನಾವು ಒಡ್ಡುತ್ತಿರುವ ಆಮಿಷದ ವಿಚಾರ. ಅಕೋಲೆಯ ಚಿರತೆಗಳ ಆಹಾರದಲ್ಲಿ ಅತಿ ದೊಡ್ಡ ಪಾಲು ನಾಯಿಗಳದು. ಪೇಟೆಯ ಮಾಂಸದಂಗಡಿಗಳ ಕಸವನ್ನು ರಸ್ತೆಯ ಮಗ್ಗುಲಿಗೆ ಸುರಿದು, ಆ ಕಸದಿಂದ ನಾಯಿಗಳ ಹಿಂಡನ್ನು ಸಾಕಿ, ಆ ಹಿಂಡನ್ನರಸಿ ಬಂದ ಚಿರತೆಗೆ ಮತ್ತೆ ನಾಯಿಯನ್ನೇ ಕಟ್ಟಿ ಬೋನು ಹೂಡುವ ನಮ್ಮ ವಿವೇಕಕ್ಕೆ ಏನೆನ್ನಬೇಕೋ ತಿಳಿಯದು. ಮಹಾನಗರಪಾಲಿಕೆಯೂ ಗ್ರಾಮ ಪಂಚಾಯಿತಿಗಳೂ ಈ ಪ್ರಕರಣದಲ್ಲಿ ಪ್ರೇಕ್ಷಕರಲ್ಲ, ಪಾತ್ರಧಾರಿಗಳು. ವಿದ್ಯುತ್ತಿನ ವಿಷಯವೂ ಹಾಗೆಯೇ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟನ್ನು ನಡುರಾತ್ರಿ ಕೊಟ್ಟು, ರೈತನನ್ನು ಟಾರ್ಚ್ ಹಿಡಿಸಿ ತೆಂಗಿನ ತೋಟಕ್ಕೆ ಅಟ್ಟುವ ವ್ಯವಸ್ಥೆ ಉಳಿದಿರುವವರೆಗೆ, ಅರಣ್ಯ ಇಲಾಖೆ ಎಷ್ಟು ಬೋನುಗಳನ್ನು ಇಳಿಸಿದರೂ ಆ ರೈತನ ಪ್ರಾಣಕ್ಕೆ ರಕ್ಷಣೆಯಿಲ್ಲ. ಹಗಲು ಕರೆಂಟ್ ಕೊಡಿ ಎಂದು ಬೆಸ್ಕಾಂ ಕಚೇರಿಯ ಮುಂದೆ ಕೂಗುವ ರೈತನು ಚಿರತೆಯ ಸಮಸ್ಯೆಯನ್ನು ಅನೇಕ ತಜ್ಞರಿಗಿಂತ ಚೆನ್ನಾಗಿ ಅರಿತವನು.

ಮನುಷ್ಯರನ್ನೇ ಗುರಿಯಾಗಿಸಿಕೊಂಡ ಪ್ರಾಣಿಯೆಂದು ಹೆಜ್ಜೆಗುರುತು ಮತ್ತು ಕ್ಯಾಮೆರಾಗಳಿಂದ ದೃಢಪಟ್ಟ ಮೇಲೆ ಅದನ್ನು ಹಿಡಿಯಲಿ, ಬೇರೆ ಗತಿಯಿಲ್ಲದಿದ್ದರೆ ಕೊಲ್ಲಲಿ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಬೋನಿಡುವ ಪ್ರತಿಯೊಂದು ಆಜ್ಞೆಯನ್ನೂ ಆಯಾ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸತಕ್ಕದ್ದು. ಹಿಡಿದ ಪ್ರಾಣಿಯನ್ನು ಯಾವ ಕಾಡಿನಲ್ಲಿ, ಯಾವ ದಿನ ಬಿಡಲಾಯಿತೆಂಬುದನ್ನೂ ಅದರ ಕೆಳಗೆ ಬರೆಯತಕ್ಕದ್ದು. ಸೆರೆಯಾದ ಚಿರತೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಧಾವಿಸುವ ನಾಯಕರು, ಅದನ್ನು ಬಿಟ್ಟ ಕಾಡಿನ ಅಂಚಿನ ಹಳ್ಳಿಯವರ ಒಪ್ಪಿಗೆಯನ್ನು ಇದುವರೆಗೆ ಯಾವ ಸಭೆಯಲ್ಲಿ ಕೇಳಿದ್ದಾರೆ?