ಹಾಲುವಾಣಕ್ಕೆ ಕಾಯಿದೆಯ ನೆರಳಿಲ್ಲ

ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿಗೆ ಹಾಲುವಾಣದ ಮರ ಎಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಆ ಬೋಳು ಕೊಂಬೆಗಳ ತುದಿಯಲ್ಲೇ ಕೆಂಡದ ಬಣ್ಣದ ಗೊಂಚಲುಗಳು ಮೂಡುತ್ತವೆ. ಬಿಸಿಲು ಏರುವ ಮುನ್ನವೇ ಗೊರವಂಕ, ಕಾಗೆ, ಸೂರಕ್ಕಿಗಳ ಸಂತೆ ಅಲ್ಲಿ ನೆರೆಯುತ್ತದೆ. ಈ ವರ್ಷ ಕನಕಪುರದಿಂದ ರಾಮನಗರಕ್ಕೆ ಹೋಗುವಾಗ ಈ ಸಂತೆಯನ್ನು ಹುಡುಕುತ್ತ ಹೋದೆ. ಹೊಲಗಳ ಬೇಲಿಯಲ್ಲಿ ಅಲ್ಲೊಂದು ಇಲ್ಲೊಂದು ಕಂಡಿತು. ಪಟ್ಟಣದೊಳಗೆ, ನನಗೆ ನೆನಪಿದ್ದ ಎರಡು ಜಾಗಗಳಲ್ಲಿ, ಬುಡದ ಗುರುತೂ ಉಳಿದಿರಲಿಲ್ಲ.

ಹೀಗಾಗಲು ಕಾರಣವನ್ನು ದೂರ ಹುಡುಕಬೇಕಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರದು. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುವ ಈ ಕಾಯಿದೆ ಕೆಲವು ಜಾತಿಗಳಿಗೆ ಅನುಮತಿಯೇ ಬೇಡವೆಂದೂ ಹೇಳುತ್ತದೆ. ಆ ಪಟ್ಟಿಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಗ್ಲಿರಿಸಿಡಿಯಾ, ಸುಬಾಬುಲ್‌ಗಳ ಸಾಲಿನಲ್ಲಿ ಎರಿಥ್ರಿನಾ, ಅಂದರೆ ನಮ್ಮ ಹಾಲುವಾಣವೂ ಕುಳಿತಿದೆ. ಪಟ್ಟಿ ಬರೆದವರ ಕಣ್ಣ ಮುಂದೆ ಇದ್ದದ್ದು ಮಲೆನಾಡಿನ ಕಾಫಿ ತೋಟ, ಬಯಲುಸೀಮೆಯ ವೀಳ್ಯದೆಲೆ ತೋಟ ಆಗಿದ್ದಿರಬೇಕು. ನೆರಳಿಗೂ ಬಳ್ಳಿಯ ಆಸರೆಗೂ ನೆಟ್ಟ ಮರವನ್ನು ಸವರಲು ಬೆಳೆಗಾರ ಪ್ರತಿ ಸಲ ಕಚೇರಿಗೆ ಅಲೆಯಬೇಕಾಗಿಲ್ಲ ಎಂಬುದು ನ್ಯಾಯವೇ. ಆದರೆ ತೋಟಕ್ಕೆ ಹೊಲಿದ ಅಂಗಿಯನ್ನು ಪೇಟೆಗೂ ತೊಡಿಸಿದರೆ ಏನಾಗುತ್ತದೆ? ರಸ್ತೆ ಅಗಲಿಸುವ ಗುತ್ತಿಗೆದಾರನಿಗೆ ಮೊದಲು ಕಾಣುವುದು ಕಾಗದಪತ್ರದ ತೊಡಕಿಲ್ಲದ ಮರ.

ಇದರಲ್ಲಿ ನನ್ನ ಪಾಲೂ ಇದೆ. ಸೇವೆಯ ಆರಂಭದ ವರ್ಷಗಳಲ್ಲಿ ಕಚೇರಿಯೊಂದರ ಆವರಣದ ಹಾಲುವಾಣವನ್ನು ತೆಗೆಸಲು ಕಡತ ಬಂತು. ‘ಮುಳ್ಳಿನ ಮರ, ಉಪಯೋಗವಿಲ್ಲ, ಅನುಮತಿ ಅಗತ್ಯವಿಲ್ಲ’ ಎಂದು ಗುಮಾಸ್ತರು ಟಿಪ್ಪಣಿ ಬರೆದಿದ್ದರು. ಹೊರಗೆ ಹೋಗಿ ಮರವನ್ನು ನೋಡದೆಯೇ ಸಹಿ ಹಾಕಿದೆ. ಅರ್ಥಶಾಸ್ತ್ರ ಓದಿದವನಿಗೆ ಆ ಟಿಪ್ಪಣಿಯ ದೋಷ ಅಂದೇ ಹೊಳೆಯಬೇಕಿತ್ತು. ಕೊಂಬೆ ಸವರುವ ಕೂಲಿ, ಮುಳ್ಳು ಗುಡಿಸುವ ಕೂಲಿ ಇವಕ್ಕೆ ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆಯಿದೆ. ಬೇಸಗೆಯ ಮೊದಲ ವಾರಗಳಲ್ಲಿ ಹಕ್ಕಿಗಳಿಗೆ ಸಿಗುವ ಮಕರಂದಕ್ಕೆ, ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ನೆಲಕ್ಕೆ ಸೇರಿಸುವ ಸಾರಜನಕಕ್ಕೆ, ಆಡಿನ ಮುಂದೆ ಬೀಳುವ ಸೊಪ್ಪಿಗೆ ಯಾವ ಶೀರ್ಷಿಕೆಯೂ ಇಲ್ಲ.

ಹಾಲುವಾಣದ ಮೇಲಿನ ದೂರುಗಳೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಇದರ ಮರ ಮೆದು. ಬಿರುಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಮುಳ್ಳು ಇದ್ದೇ ಇದೆ. ಬೀಜ ವಿಷಕಾರಿ, ಕೆಂಪಗೆ ಅಂದವಾಗಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಮರಗೆಲಸಕ್ಕೂ ಹೆಚ್ಚಿನ ಬೆಲೆಯಿಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವುದು ಇದನ್ನೇ ಎಂದು ತಿಳಿದವರಿದ್ದಾರೆ. ಅದು ಆಲೆ ಮರ, ಹಾಲೆಯೆಂದೂ ಕರೆಯುತ್ತಾರೆ, ಕುಲವೇ ಬೇರೆ. ಅವರೆ, ತೊಗರಿಗಳ ಬಳಗಕ್ಕೆ ಸೇರಿದ್ದು ಹಾಲುವಾಣ. ಹೆಸರಿನ ಹೋಲಿಕೆಯಿಂದ ಬೊಂಬೆಯ ಕೀರ್ತಿಯಲ್ಲಿ ಇದಕ್ಕೆ ಪಾಲು ದಕ್ಕಲಿಲ್ಲ.

ಇದರ ಮೇಲೆ ಇನ್ನೊಂದು ಆಪತ್ತು ಬಂದೆರಗಿತು. ಎಲೆ, ತೊಟ್ಟು, ಚಿಗುರುಗಳನ್ನು ಗಂಟುಗಂಟಾಗಿಸುವ ಒಂದೂವರೆ ಮಿಲಿಮೀಟರಿನಷ್ಟು ಪುಟ್ಟ ಕಣಜವನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ಹೆಸರಿಸಿದ್ದು 2004ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ದಕ್ಷಿಣ ಭಾರತವನ್ನು ಮುಟ್ಟಿತು. 2005ರಲ್ಲಿ ಹವಾಯಿ ದ್ವೀಪಗಳಿಗೆ ಹೊಕ್ಕು ಅಲ್ಲಿನ ಸ್ಥಳೀಯ ಜಾತಿಯಾದ ವಿಲಿವಿಲಿಯನ್ನು ಅಳಿವಿನಂಚಿಗೆ ತಳ್ಳಿತು. ಅಲ್ಲಿನ ಆಡಳಿತ ಕೈಕಟ್ಟಿ ಕೂರಲಿಲ್ಲ. ತಾಂಜಾನಿಯಾದಲ್ಲಿ ಈ ಕೀಟದ ಸಹಜ ಶತ್ರುವನ್ನು ಹುಡುಕಿ, ಪರೀಕ್ಷಿಸಿ, 2008ರಲ್ಲಿ ಬಿಡುಗಡೆ ಮಾಡಿತು. ವಿಲಿವಿಲಿ ಮತ್ತೆ ಚಿಗುರಿತು. ನಮ್ಮಲ್ಲಿ ರೋಗ ಬಿದ್ದ ಮರಕ್ಕೆ ಸಾಮಾನ್ಯವಾಗಿ ದೊರೆಯುವ ಚಿಕಿತ್ಸೆ ಕೊಡಲಿಯದು.

ಈಗಲೇ ಈ ಮಾತು ಎತ್ತಲು ಕಾರಣವಿದೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರಿನ ಸರಿತಪ್ಪುಗಳ ಚರ್ಚೆ ಬೇರೆಯವರಿಗಿರಲಿ. ಹೆಸರಿನ ಹಿಂದೆಯೇ ಬಡಾವಣೆಗಳೂ ಅಗಲ ರಸ್ತೆಗಳೂ ಬರುವುದು ನಿಶ್ಚಿತ. ರಸ್ತೆಗೆ ಬಲಿಯಾದ ಸಾಲುಮರಗಳ ಲೆಕ್ಕ ಬೆಂಗಳೂರಿನಲ್ಲಿ ತಡವಾಗಿಯಾದರೂ ಕೇಳಿಬಂತು. ಜನ ನ್ಯಾಯಾಲಯಕ್ಕೂ ಹೋದರು. ಅನುಮತಿಯೇ ಬೇಡವಾದ ಮರಕ್ಕೆ ಅರ್ಜಿಯಿಲ್ಲ, ಕಡತವಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ಎಷ್ಟು ಕಡಿದರೆಂದು ಮಾಹಿತಿ ಹಕ್ಕಿನಡಿ ಕೇಳಿದರೂ ಉತ್ತರ ಕೊಡಬಲ್ಲ ದಾಖಲೆ ಇರುವುದಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ನಗರಸಭೆ, ಪುರಸಭೆಗಳ ಎಲ್ಲೆಯೊಳಗಿನ ಸಾರ್ವಜನಿಕ ಸ್ಥಳಗಳಲ್ಲಿರುವ ಹಾಲುವಾಣಕ್ಕೆ ವಿನಾಯಿತಿ ಅನ್ವಯಿಸದೆಂಬ ಒಂದು ಸ್ಪಷ್ಟ ವಾಕ್ಯ ಕಾಯಿದೆಗೆ ಸೇರಲಿ. ತೋಟದ ಬೆಳೆಗಾರನ ಅನುಕೂಲ ಹಾಗೆಯೇ ಇರಲಿ. ಹೊಸದಾಗಿ ನೆಡುವಾಗ ವಿದ್ಯುತ್ ತಂತಿಯ ಕೆಳಗೆ, ಶಾಲೆಯ ಬಾಗಿಲಲ್ಲಿ, ಕಿರಿದಾದ ಕಾಲುದಾರಿಯ ಅಂಚಿನಲ್ಲಿ ಇದು ಬೇಡವೇ ಬೇಡ. ಕೆರೆ ಏರಿಯ ಕೆಳಮಗ್ಗುಲು, ಸ್ಮಶಾನದ ಬೇಲಿ, ಉದ್ಯಾನದ ಮೂಲೆ, ಸರಕಾರಿ ಕಚೇರಿಗಳ ಹಿತ್ತಿಲು ಇದಕ್ಕೆ ಹೇಳಿ ಮಾಡಿಸಿದ ಜಾಗಗಳು. ನರ್ಸರಿಯಿಂದ ಸಸಿ ಕೊಳ್ಳುವ ಟೆಂಡರೂ ಬೇಕಿಲ್ಲ. ಬಹುಶಃ ಇದರಲ್ಲಿ ಯಾರಿಗೂ ಉತ್ಸಾಹ ಹುಟ್ಟದಿರಲು ಅದೂ ಒಂದು ಕಾರಣ. ರೋಗ ತಗುಲದ ಮರದಿಂದ ತೋಳಿನ ಗಾತ್ರದ, ಆಳೆತ್ತರದ ಗೂಟ ಕಡಿದು, ಮುಂಗಾರಿನ ಮೊದಲ ಮಳೆ ಬಿದ್ದಾಗ ಒಂದೆರಡು ಅಡಿ ಆಳಕ್ಕೆ ನೆಟ್ಟರೆ ಸಾಕು, ಬೇರು ಬಿಡುತ್ತದೆ. ಗೂಟಗಳು ಸುತ್ತಲಿನ ಹಳ್ಳಿಗಳ ಬೇಲಿಗಳಲ್ಲಿ ಇನ್ನೂ ಸಿಗುತ್ತವೆ. ಕೇಳಿದರೆ ರೈತರು ಸುಮ್ಮನೆ ಕೊಡುತ್ತಾರೆ.