ಮೀಸೆಯ ಜಾಗದಲ್ಲಿ ಕಾಲು

ಕಳಿತ ಬಾಳೆಹಣ್ಣನ್ನು ಎರಡು ದಿನ ಅಡುಗೆಮನೆಯ ಮೂಲೆಯಲ್ಲಿ ಬಿಟ್ಟರೆ ಎಲ್ಲಿಂದಲೋ ಬಂದು ಮುತ್ತುವ ಪುಟ್ಟ ನೊಣಗಳನ್ನು ನೀವೆಲ್ಲ ನೋಡಿರುತ್ತೀರಿ. ಸುಮಾರು 3 ಮಿ.ಮೀ. ಉದ್ದದ ಈ ಹಣ್ಣುನೊಣದ ಶಾಸ್ತ್ರೀಯ ಹೆಸರು ಡ್ರೊಸೊಫಿಲ. ಮೊಟ್ಟೆ ನೊಣವಾಗಲು ಹತ್ತು ದಿನ ಸಾಕು. ಸಾಕುವುದಕ್ಕೆ ಒಂದು ಸೀಸೆ ಸಾಕು. ಅನುವಂಶೀಯತೆಯ ಪಾಠವನ್ನು ಜಗತ್ತು ಬಹುಮಟ್ಟಿಗೆ ಕಲಿತದ್ದು ಇದರಿಂದಲೇ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಇದರ ತಳಿಗಳನ್ನು ಕಾಪಾಡುವ ಕೇಂದ್ರವೊಂದಿದೆ.

ಈ ನೊಣದ ಒಂದು ತಳಿ ವಿಚಿತ್ರವಾದುದು. ತಲೆಯ ಮುಂದೆ ಎರಡು ಕುಡಿಮೀಸೆಗಳಿರಬೇಕಾದ ಕಡೆ ಎರಡು ಕಾಲುಗಳು ಚಾಚಿಕೊಂಡಿರುತ್ತವೆ! ತೊಡೆ, ಕಣಕಾಲು, ತುದಿಯಲ್ಲಿ ಉಗುರು, ಎಲ್ಲವೂ ಇರುವ ಕಾಲು. ಇದಕ್ಕೆ ಕಾರಣವಾದ ಜೀನಿಗೆ ‘ಆಂಟೆನಪೀಡಿಯ’ ಎಂದು ಹೆಸರು. ಕನ್ನಡದಲ್ಲಿ ಮೀಸೆಗಾಲು ಎನ್ನೋಣ.

ಈ ಚಿತ್ರ ತೋರಿಸಿದರೆ ತರಗತಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಕಾಲಿನ ಜೀನು ದಾರಿತಪ್ಪಿ ತಲೆಗೆ ಹೋಗಿದೆ ಸಾರ್.” ಜೀನು ಎಲ್ಲಿಗೂ ಹೋಗಬೇಕಿಲ್ಲ. ತಲೆಯ ಜೀವಕೋಶದಲ್ಲಿ ಇರುವ ಜೀನುಗಳೇ ಕಾಲಿನ ಜೀವಕೋಶದಲ್ಲೂ ಇವೆ. ಯಾವುದು ಎಲ್ಲಿ ಕೆಲಸಕ್ಕಿಳಿಯುತ್ತದೆ ಎಂಬುದೇ ಪ್ರಶ್ನೆ.

ಮರಿಹುಳುವಿನ ಮೈಯೊಳಗೆ ಪುಟ್ಟ ಚೀಲಗಳಂಥ ಜೀವಕೋಶಗಳ ಗುಂಪುಗಳಿರುತ್ತವೆ. ಒಂದು ಮುಂದೆ ಕಾಲಾಗುತ್ತದೆ, ಇನ್ನೊಂದು ರೆಕ್ಕೆ, ಮತ್ತೊಂದು ಕಣ್ಣು ಮತ್ತು ಮೀಸೆ. ಕಾಲಿನ ಗುಂಪಿನಲ್ಲೂ ಮೀಸೆಯ ಗುಂಪಿನಲ್ಲೂ ‘ಡಿಸ್ಟಲ್‌ಲೆಸ್’ ಎಂಬ ಜೀನು ಕೆಲಸ ಮಾಡುತ್ತದೆ. ಅದರ ಆಜ್ಞೆ ಇಷ್ಟೇ: ಹೊರಕ್ಕೆ ಚಾಚು. ಏನಾಗಿ ಚಾಚಬೇಕೆಂಬುದನ್ನು ಅದೊಂದೇ ಹೇಳದು. ತಲೆಯಲ್ಲಿ ಅದರ ಜತೆಗೆ ‘ಹೋಮೊಥೊರಾಕ್ಸ್’ ಎಂಬ ಇನ್ನೊಂದು ಜೀನು ಸೇರುತ್ತದೆ. ಇಬ್ಬರೂ ಕೂಡಿದರೆ ಮೀಸೆ. ಎದೆಯ ಭಾಗದಲ್ಲಿ, ಮುಖ್ಯವಾಗಿ ನಡುವಿನ ಜೋಡಿ ಕಾಲಿನಲ್ಲಿ, ಮೀಸೆಗಾಲು ಜೀನು ಈ ಹೋಮೊಥೊರಾಕ್ಸನ್ನು ಅಡಗಿಸಿಬಿಡುತ್ತದೆ. ಆಗ ಕಾಲು.

ಅಂದರೆ ಮೀಸೆಗಾಲು ಜೀನು ಕಾಲನ್ನು ಕಟ್ಟುವ ಮೇಸ್ತ್ರಿಯಲ್ಲ, ಮೀಸೆ ಬೇಡವೆಂದು ತಡೆಯುವ ಯಜಮಾನ. ಇಡೀ ಕತೆಯಲ್ಲಿ ನನಗೆ ಅತ್ಯಂತ ಸೊಗಸೆನಿಸುವುದು ಇದೇ. ವಿಚಿತ್ರ ತಳಿಯಲ್ಲಿ ವರ್ಣತಂತುವಿನ ಒಂದು ತುಂಡು ಮುರಿದು ತಿರುಗಿ ಕೂತು, ಈ ಯಜಮಾನ ತಲೆಯಲ್ಲೂ ದರ್ಬಾರು ನಡೆಸತೊಡಗುತ್ತಾನೆ. ತಿರುಗಿಸಿ ನೋಡಿದರೂ ಲೆಕ್ಕ ಸರಿಹೋಗುತ್ತದೆ. ನಡುವಿನ ಕಾಲಿನ ಜೀವಕೋಶಗಳಿಂದ ಈ ಜೀನನ್ನು ತೆಗೆದಾಗ ಅಲ್ಲಿ ಮೀಸೆಯ ಭಾಗಗಳು ಬೆಳೆದವು. ತಲೆಯಲ್ಲಿ ಹೋಮೊಥೊರಾಕ್ಸನ್ನು ತೆಗೆದಾಗ, 1998ರಲ್ಲಿ ಪ್ರಕಟವಾದಂತೆ, ಮೀಸೆ ಕಾಲಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಮತ್ತು ಸಂಗಡಿಗರು 1987ರಲ್ಲಿ ಬಿಸಿ ತಾಕಿದಾಗ ಮಾತ್ರ ಈ ಜೀನು ಕೆಲಸಕ್ಕಿಳಿಯುವ ಏರ್ಪಾಡು ಮಾಡಿ, ಮರಿಹುಳುಗಳಿಗೆ ಬಿಸಿ ತಾಕಿಸಿ, ಬೇಕೆಂದೇ ಮೀಸೆಗಾಲಿನ ನೊಣಗಳನ್ನು ಪಡೆದರು. 1990ರಲ್ಲಿ ಅಮೆರಿಕದಲ್ಲಿ ಇಲಿಯ ಇಂಥದೇ ಜೀನನ್ನು ನೊಣಕ್ಕೆ ಸೇರಿಸಿದಾಗಲೂ ತಲೆಯಲ್ಲಿ ಕಾಲು ಮೂಡಿತು. ಇಲಿಯ ಕಾಲಲ್ಲ, ನೊಣದ್ದೇ ಕಾಲು! ಆಜ್ಞೆ ಇಲಿಯದು, ಕೆಲಸಗಾರರು ನೊಣದವರು.

“ನೊಣ ಎಣಿಸಿ ಏನು ಪ್ರಯೋಜನ?” ಎಂದು ಕೇಳುವ ಪೋಷಕರಿಗೆ ಒಂದು ಮಾತು. ನಮ್ಮಲ್ಲೂ ಈ ಬಳಗದ 39 ಜೀನುಗಳಿವೆ. ಅವುಗಳಲ್ಲಿ ಒಂದು ಕೆಟ್ಟರೆ ಬೆರಳುಗಳು ಕೂಡಿಕೊಂಡು, ಜತೆಗೆ ಹೆಚ್ಚಿನ ಬೆರಳೂ ಮೂಡಿ ಮಗು ಹುಟ್ಟಬಹುದೆಂದು 1996ರಲ್ಲಿ ತಿಳಿಯಿತು. ಇಂಥ ಮಗು ಹುಟ್ಟಿದಾಗ, ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಕಾರಣವೆಂದು ತಾಯಿಯನ್ನು ಹಳಿಯುವ ಮನೆಗಳು ಈಗಲೂ ಇವೆ. ಚಂದ್ರನ ನೆರಳಿಗೆ ಜೀನನ್ನು ತಿದ್ದುವ ಶಕ್ತಿಯಿಲ್ಲ. ಈ ದೋಷ ತಾಯಿಯಿಂದ ಬರುವಷ್ಟೇ ಸಲೀಸಾಗಿ ತಂದೆಯಿಂದಲೂ ಬರುತ್ತದೆ; ಇಬ್ಬರಲ್ಲಿ ಯಾರಲ್ಲೂ ಇಲ್ಲದೆ ಹೊಸದಾಗಿಯೂ ಮೂಡಬಹುದು. ಕೂಡಿಕೊಂಡ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವುದು ಸಾಧ್ಯವಿರುವುದರಿಂದ, ಮಗುವನ್ನು ಮೊದಲು ತೋರಿಸಬೇಕಾದದ್ದು ವೈದ್ಯರಿಗೆ.