"ಈ ವಯಸ್ಸಲ್ಲಿ ಬೈಕ್ ಬೇಕಾ ಅಂಕಲ್?" ಅನ್ನೋರಿಗೆ

ಭಾಗ 1/7

ಈ ಸರಣಿ ಒಂದೇ ಒಂದು ಪ್ರಶ್ನೆ ಕೇಳೋರಿಗೆ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂಕಲ್?"

ಆಗುಂಬೆ ಘಾಟಿಯ ತಿರುವಲ್ಲಿ ನಿಂತ ಬುಲೆಟ್, ಪಕ್ಕದಲ್ಲಿ ಹೆಲ್ಮೆಟ್ ಕೈಲಿ ಹಿಡ್ಕೊಂಡ ನರೆತ ಗಡ್ಡದವರು ಒಬ್ಬರು. ಅಂಥ ರೀಲ್ ಯಾವುದಾದ್ರೂ ತೆಗೆದು ಕೆಳಗಿನ ಕಾಮೆಂಟ್ ಓದಿ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸು", "ಸೊಂಟ ಹುಷಾರು", "ಹಿಂದೆ ಆಂಬುಲೆನ್ಸ್ ಬರ್ತಿದ್ಯಾ?" ಆಮೇಲೆ ನಗೋ ಇಮೋಜಿ ಸಾಲು ಸಾಲು. ಹಾಕಿದವರ ಪ್ರೊಫೈಲ್ ಒತ್ತಿ ನೋಡಿ. ನಮ್ಮ ವಯಸ್ಸಿನವರೇ. ಕೆಲವರು ನಮ್ಮ ಕಾಲೇಜಿನವರೇ.

ತಮಾಷೆಗೆ ಮಗಾ, ಅಷ್ಟಕ್ಕೆಲ್ಲ ಯಾಕೆ ಸೀರಿಯಸ್ ಆಗ್ತೀಯ ಅಂತೀರಾ? ಆಗ್ತೀನಿ. ಯಾಕಂದ್ರೆ ಆ ತಮಾಷೆ ಕಾಮೆಂಟ್ ಬಾಕ್ಸಲ್ಲೇ ಉಳಿಯಲ್ಲ, ಮನೆಗೂ ಬರುತ್ತೆ. ಮಕ್ಕಳು ಅಪ್ಪನ ಬೈಕ್ ಕೀ ಎತ್ತಿಡ್ತಾರೆ. ಅಮ್ಮನ ಸ್ಕೂಟರ್ ಮಾರ್ತಾರೆ. ಅದಕ್ಕೆ "ಕಾಳಜಿ" ಅಂತ ಹೆಸರು ಬೇರೆ.

ನನ್ನ ವಾದ ಇಷ್ಟೇ. ಯಾರು ಬೈಕ್ ಓಡಿಸ್ಬೇಕು, ಎಷ್ಟು ದೂರ ಹೋಗ್ಬೇಕು ಅನ್ನೋದನ್ನ ಹುಟ್ಟಿದ ದಿನಾಂಕ ತೀರ್ಮಾನ ಮಾಡ್ಬಾರ್ದು. ಕಣ್ಣು, ಕೈ, ಕುತ್ತಿಗೆ, ತಾಳ್ಮೆ, ಇವು ಮಾಡ್ಬೇಕು. ಒಪ್ಪಲ್ಲ ಅಂದ್ರೂ ಏಳೂ ಭಾಗ ಓದಿ, ಆಮೇಲೆ ಬೈಯಿರಿ.

ಭಾಗ 2/7

ಮೊದಲು ಒಂದು ಲೆಕ್ಕ. ಈ ಹುಚ್ಚು ನಮಗೆ ಎಲ್ಲಿಂದ ಬಂತು?

ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1960ರ ದಶಕದ ಶುರುವಿನಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ, ಇಲ್ಲೇ ತಯಾರಾಗಿ ದೇಶದ ಮೂಲೆ ಮೂಲೆಗೆ ಹೋದವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕ್ಬೇಕಿತ್ತು. ಕಿಕ್ಕರ್ರೇ ಗೇರ್ ಲಿವರ್ ಕೂಡ: ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕೋದು. ಸೆಲ್ಫ್ ಸ್ಟಾರ್ಟ್ ಇಲ್ಲ, ಎಬಿಎಸ್ ಇಲ್ಲ, ದಾರಿ ಹೇಳೋ ಮ್ಯಾಪ್ ಇಲ್ಲ. ಅದ್ರಲ್ಲೇ ಘಾಟಿ ಹತ್ತಿದ್ರು, ಸಮುದ್ರ ನೋಡಿ ಬಂದ್ರು.

ಯಮಹಾ ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ. ಆಗ ಇಪ್ಪತ್ತು ವರ್ಷ ಇದ್ದವರು ಈಗ ಅರವತ್ತರ ಆಸುಪಾಸು. ಅಂದ್ರೆ ನಾವು ಇವತ್ತು ಆಂಬುಲೆನ್ಸ್ ಜೋಕ್ ಹೊಡೀತಿರೋದು ಆ ಬೈಕನ್ನ ಹೊಸದಾಗಿ ಶೋರೂಮಿಂದ ಇಳಿಸಿಕೊಂಡು ಬಂದವರ ಮೇಲೆ.

ಇನ್ನೊಂದು ಕಡೆ ನೋಡಿ. 2018ರಲ್ಲಿ ಜಾವಾ ಹೆಸರು ವಾಪಸ್ ಬಂತು, 2022ರಲ್ಲಿ ಯೆಜ್ಡಿ. ದುಂಡಗಿನ ಹೆಡ್‌ಲೈಟ್, ಹಳೇ ಕಾಲದ ಟ್ಯಾಂಕ್. ನಾವೇ ಸಾಲಾಗಿ ಇಎಂಐ ಕಟ್ಟಿ ತಗೊಂಡು, "ರೆಟ್ರೋ ವೈಬ್" ಅಂತ ಕ್ಯಾಪ್ಷನ್ ಹಾಕ್ತೀವಿ. ಹಳೇ ಬೈಕಿನ ಆಕಾರ ಬೇಕು. ಆ ಬೈಕ್ ಓಡಿಸಿದ ಮನುಷ್ಯ ಮಾತ್ರ ಮನೇಲಿ ಟಿವಿ ಮುಂದೆ ಇರ್ಲಿ. ಇದ್ಯಾವ ನ್ಯಾಯ ಗುರೂ?

ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಹಳೇ ಗಾಡಿಗಳು ಬೀದಿಗೆ ಇಳಿಯುತ್ತವೆ. ಹೋಗಿ ನಿಂತು ನೋಡಿ. ಕಾರ್ಬೊರೇಟರ್ ಬಗ್ಗೆ ಒಂದು ಪ್ರಶ್ನೆ ಕೇಳಿ. ಅರ್ಧ ಗಂಟೆ ಬಿಡಲ್ಲ ನಿಮ್ಮನ್ನ.

ಭಾಗ 3/7

"ಅದೆಲ್ಲ ಸರಿ, ಆದ್ರೆ ವಯಸ್ಸಾದವರಿಗೆ ಅಪಾಯ ಜಾಸ್ತಿ ಅಲ್ವಾ?"

ಸರಿ, ಬಿಕಾಂ ಓದ್ತಿರೋರು ನಾವು, ಅಂಕಿ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದ್ರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಸತ್ತವರಲ್ಲಿ ಶೇ. 66.5ರಷ್ಟು 18ರಿಂದ 45 ವರ್ಷದವರು. ಅತಿವೇಗದ ಲೆಕ್ಕಕ್ಕೆ ಹೋದ ಸಾವು ಶೇ. 71.2. ಹೆಲ್ಮೆಟ್ ಹಾಕದೆ ಸತ್ತವರು 50,029.

ಈಗ ಯಾರಾದ್ರೂ ಜಾಣರು ಕೇಳ್ತಾರೆ: "ರಸ್ತೇಲಿ ಇರೋದೇ ಹುಡುಗ್ರು ಜಾಸ್ತಿ, ಹಾಗಾಗಿ ಸಾಯೋದೂ ಅವರೇ ಜಾಸ್ತಿ." ಒಳ್ಳೇ ಪ್ರಶ್ನೆ. ಒಪ್ತೀನಿ. ಒಟ್ಟು ಎಷ್ಟು ಜನ ಓಡಿಸ್ತಾರೆ ಅನ್ನೋದನ್ನ ಬಿಟ್ಟು ಬರೀ ಸತ್ತವರ ಶೇಕಡಾ ಹಿಡ್ಕೊಂಡು ಯುವಕರೇ ಕೆಟ್ಟ ಡ್ರೈವರ್‌ಗಳು ಅಂತ ನಾನೂ ಹೇಳೋ ಹಾಗಿಲ್ಲ. ನಾನು ಹೇಳ್ತಿರೋದು ಬೇರೆ. ಅತಿವೇಗ ಮತ್ತು ಬರೀ ತಲೆ, ಇವೆರಡೂ ವಯಸ್ಸಲ್ಲ. ಅಭ್ಯಾಸ. ಇಪ್ಪತ್ತರಲ್ಲಿ ಹೆಲ್ಮೆಟ್ಟನ್ನ ಮೊಣಕೈಗೆ ನೇತುಹಾಕ್ಕೊಂಡು ಹೋಗೋನಿಗೆ "ಈ ವಯಸ್ಸಲ್ಲಿ ಬೇಕಾ" ಅಂತ ಯಾರೂ ಕೇಳಲ್ಲ. ಅರವತ್ತರಲ್ಲಿ ಫುಲ್ ಫೇಸ್ ಹೆಲ್ಮೆಟ್, ಜಾಕೆಟ್, ಗ್ಲೌಸ್ ಹಾಕಿ 60ರ ವೇಗದಲ್ಲಿ ಹೋಗೋರಿಗೆ ಕೇಳ್ತೀವಿ.

ಪ್ರಶ್ನೆ ತಪ್ಪು ಮನುಷ್ಯನ ಹತ್ರ ಹೋಗಿದೆ, ಅಷ್ಟೇ.

ಭಾಗ 4/7

ಅಕೌಂಟ್ಸ್‌ನಲ್ಲಿ ಸ್ಟ್ರೇಟ್ ಲೈನ್ ಡಿಪ್ರಿಸಿಯೇಷನ್ ಮಾಡಿದ್ವಲ್ಲ, ನೆನಪಿದ್ಯಾ? ಮೆಷಿನ್ ಚೆನ್ನಾಗಿ ಓಡ್ತಿದ್ಯೋ ಇಲ್ವೋ ಕೇಳಲ್ಲ. ವರ್ಷ ವರ್ಷ ಒಂದೇ ಮೊತ್ತ ಕಳೀತಾ ಹೋಗೋದು. ಕೊನೇಗೆ ಸ್ಕ್ರಾಪ್ ವ್ಯಾಲ್ಯೂ. ಮೆಷಿನ್ನಿಗೆ ಅದು ನಡೆಯುತ್ತೆ. ನಾವು ಅದನ್ನೇ ಮನುಷ್ಯರಿಗೂ ಹಾಕ್ತಿದ್ದೀವಿ.

ನಮ್ಮ ದೊಡ್ಡಪ್ಪನಿಗೆ 61. ಹುಣಸೂರಲ್ಲಿದ್ದಾರೆ, ಮೇಷ್ಟ್ರಾಗಿದ್ದು ಹೋದ ವರ್ಷ ರಿಟೈರ್ ಆದ್ರು. ವರ್ಷಕ್ಕೊಂದು ಸಲ ನಾಲ್ಕು ದಿನ ಒಬ್ಬರೇ ಬೈಕಲ್ಲಿ ಹೋಗಿ ಬರೋರು. ಕುಶಾಲನಗರ, ಮಡಿಕೇರಿ, ಸುಳ್ಯ, ಮಂಗಳೂರು, ವಾಪಸ್ ಬರೋವಾಗ ಆಗುಂಬೆ ಹತ್ತಿ ತೀರ್ಥಹಳ್ಳಿ. ಬ್ಯಾಗಲ್ಲಿ ಒಂದು ಕ್ಲಚ್ ಕೇಬಲ್, ಒಂದು ಪ್ಲಗ್, ಪಂಕ್ಚರ್ ಕಿಟ್, ರೇನ್‌ಕೋಟ್. ಕತ್ತಲಾದ್ಮೇಲೆ ಒಂದು ಕಿಲೋಮೀಟರೂ ಓಡಿಸಲ್ಲ, ಎಲ್ಲಿದ್ರೆ ಅಲ್ಲೇ ರೂಮ್. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬಿದ್ದಿದ್ದಾರೆ, ಅದೂ ಮನೆ ಮುಂದೆ, ನಾಯಿ ಅಡ್ಡ ಬಂದು.

ಈ ವರ್ಷ ಯುಗಾದಿಗೆ ಬಂದಾಗ ಮಕ್ಕಳು ಕೀ ತಗೊಂಡು ಬೀರುವಲ್ಲಿ ಇಟ್ರು. ಡಾಕ್ಟರ್ ಹೇಳಿದ್ರಾ? ಇಲ್ಲ. ಬಿಪಿ, ಶುಗರ್, ಕಣ್ಣು ಎಲ್ಲ ನೋಡಿಸಿದ್ದಾರೆ, ತೊಂದ್ರೆ ಇಲ್ಲ. "ರಿಟೈರ್ ಆಯ್ತಲ್ಲ ಅಪ್ಪ, ಇನ್ನು ಸಾಕು." ಈಗ ಬೈಕ್ ಫೋಟೋ ಆ್ಯಪಲ್ಲಿ ಹಾಕಿದ್ದಾರೆ. ಈ ತಿಂಗಳು ಯಾರೋ ನೋಡೋಕೆ ಬರ್ತಾರಂತೆ.

ನಾನು ಫೋನ್ ಮಾಡಿದಾಗ ದೊಡ್ಡಪ್ಪ ಜಗಳ ಆಡಲಿಲ್ಲ, ಬೈಯಲೂ ಇಲ್ಲ. "ಯಾವಾಗ ನಿಲ್ಲಿಸ್ತೀರಾ ಅಂತ ಕೇಳಿದ್ರೆ ನಾನೇ ಹೇಳ್ತಿದ್ದೆ ಮಗ. ಯಾರೂ ಕೇಳ್ಲೇ ಇಲ್ಲ" ಅಂದ್ರು.

ಅಣ್ಣಂದಿರು ಕೆಟ್ಟವರಲ್ಲ. ಬೆಂಗಳೂರಲ್ಲಿ ಕೂತು ಭಯ ಪಡ್ತಾರೆ, ಅದು ಅರ್ಥ ಆಗುತ್ತೆ. ಆದ್ರೆ ಅಣ್ಣಾ, ಇದನ್ನ ಓದ್ತಿದ್ರೆ ಕೇಳು. ನಿನ್ನ ಭಯ ಕಮ್ಮಿ ಆಗ್ಲಿ ಅಂತ ಅವರ ನಾಲ್ಕು ದಿನ ಕಿತ್ಕೊಂಡಿದ್ದೀಯ. ಅವರನ್ನ ಒಂದು ಮಾತೂ ಕೇಳ್ದೆ.

ಭಾಗ 5/7

ಈಗ ಇನ್ನೊಂದು ಮುಖ. ವಯಸ್ಸು ಬರೀ ನಂಬರ್ ಅಂತ ಪೋಸ್ಟರ್ ಹಾಕೋರ ಗುಂಪಿಗೆ ನಾನು ಸೇರಿಲ್ಲ. ವಯಸ್ಸಿಗೆ ದೇಹ ಬದಲಾಗುತ್ತೆ.

ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತೆ. ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ್ದು ಮಸುಕಾಗುತ್ತೆ, ಸ್ಪೀಡೋಮೀಟರೂ ಫೋನ್ ಮ್ಯಾಪೂ ಓದೋಕೆ ಕಷ್ಟ. ರಾತ್ರಿ ಎದುರಿನ ಲಾರಿ ಹೈಬೀಮ್ ಹೊಡೆದ್ರೆ ಕಣ್ಣು ಸರಿ ಹೋಗೋಕೆ ನಮಗಿಂತ ಜಾಸ್ತಿ ಹೊತ್ತು ಬೇಕು. ಕುತ್ತಿಗೆ ಮೊದಲಿನಷ್ಟು ತಿರುಗಲ್ಲ. ಬಾಯಾರಿಕೆ ಗೊತ್ತಾಗೋದೇ ಕಮ್ಮಿ ಆಗುತ್ತೆ. ಬಿದ್ದು ಮೂಳೆ ಮುರಿದ್ರೆ ಕೂಡಿಕೊಳ್ಳೋದೂ ನಿಧಾನ. ಬ್ರೇಕ್ ಕಡೆಗೆ ಕೈ ಹೋಗೋದೂ ಸ್ವಲ್ಪ ತಡ.

ಆ "ಸ್ವಲ್ಪ ತಡ"ವನ್ನೇ ಲೆಕ್ಕ ಹಾಕೋಣ. 60ರ ವೇಗದಲ್ಲಿ ಹೋಗೋ ಹಿರಿಯರು ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ತಗೊಂಡ್ರು ಅಂತ ಇಟ್ಕೊಳ್ಳಿ. ಅಷ್ಟರಲ್ಲಿ ಬೈಕ್ ಹೋಗೋದು 25 ಮೀಟರ್. ನೀವು 100ರಲ್ಲಿ ಹೋಗ್ತಾ ಒಂದೇ ಸೆಕೆಂಡಲ್ಲಿ ಹಿಡಿದ್ರೂ ಬೈಕ್ ಹೋಗೋದು ಸುಮಾರು 28 ಮೀಟರ್. ಬ್ರೇಕ್ ಹಿಡಿದ ಮೇಲಿನ ಕಥೆ ಇನ್ನೂ ಕೆಟ್ಟದು: ವೇಗ ಎರಡರಷ್ಟಾದ್ರೆ ನಿಲ್ಲೋ ದೂರ ಸುಮಾರು ನಾಲ್ಕರಷ್ಟು. ನಿಮ್ಮ ಚುರುಕುತನ ಎಲ್ಲ ಆಕ್ಸಿಲರೇಟರ್ ತಿರುಗಿಸಿದ ಒಂದೇ ಏಟಿಗೆ ಖರ್ಚಾಗಿ ಹೋಯ್ತು. ಅವರ ನಿಧಾನವನ್ನ ಅವರ ವೇಗವೇ ಸರಿದೂಗಿಸ್ತು.

ಒಳ್ಳೇ ಹಿರಿಯ ರೈಡರ್‌ಗಳು ಮಾಡೋದು ಇದನ್ನೇ. ರಾತ್ರಿ ಓಡಿಸಲ್ಲ. ಗಂಟೆ, ಒಂದೂವರೆ ಗಂಟೆಗೊಂದು ಸಲ ಇಳಿದು ನೀರು ಕುಡೀತಾರೆ. ಭಾರದ ಬೈಕ್ ಕೊಟ್ಟು ಹಗುರದ್ದು ತಗೋತಾರೆ. ದಿನಕ್ಕೆ 500 ಕಿಲೋಮೀಟರ್ ಬದಲು 200 ಸಾಕು ಅಂತಾರೆ. ಇದನ್ನ ಸೋಲು ಅಂತ ಕರೆಯೋರಿಗೆ ರೈಡಿಂಗ್ ಅಂದ್ರೆ ಏನೂಂತ ಇನ್ನೂ ಗೊತ್ತಾಗಿಲ್ಲ.

ಭಾಗ 6/7

ಎರಡು ಉದಾಹರಣೆ ಕೊಡ್ತೀನಿ, ಹೋಗಿ ಹುಡುಕಿ ಓದಿ.

ಒಂದು, ಟೆಡ್ ಸೈಮನ್. ಬ್ರಿಟನ್ನಿನ ಪತ್ರಕರ್ತ. 1973ರಲ್ಲಿ ಟ್ರಯಂಫ್ ಬೈಕ್ ಹತ್ತಿ ಲಂಡನ್ ಬಿಟ್ಟಾಗ ವಯಸ್ಸು 42. ನಾಲ್ಕು ವರ್ಷ, 40ಕ್ಕೂ ಹೆಚ್ಚು ದೇಶ, ಭಾರತವೂ ಸೇರಿ. ಅದ್ರ ಮೇಲೆ ಬರೆದ 'ಜುಪಿಟರ್ಸ್ ಟ್ರಾವೆಲ್ಸ್' ಪುಸ್ತಕ ಓದಿ ಎಷ್ಟೋ ಜನ ಬೈಕ್ ಹತ್ತಿದ್ರು. 2001ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಅದೇ ಹಳೇ ದಾರಿ ಹಿಡಿದು ಮತ್ತೆ ಹೊರಟ್ರು.

ಎರಡನೇದು ನಮ್ಮ ಮೈಸೂರಿನದೇ. ದಕ್ಷಿಣಾಮೂರ್ತಿ ಕೃಷ್ಣಕುಮಾರ್. ಕೆಲಸ ಬಿಟ್ಟು, 2018ರ ಜನವರಿಯಲ್ಲಿ ತಂದೆ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರಲ್ಲಿ ತಾಯಿ ಚೂಡಾರತ್ನಮ್ಮನವರನ್ನ ಕೂರಿಸ್ಕೊಂಡು ತೀರ್ಥಯಾತ್ರೆಗೆ ಹೊರಟ್ರು. ತಾಯಿಗೆ ಆಗ ಎಪ್ಪತ್ತರ ಆಸುಪಾಸು. ಜೀವನ ಪೂರ್ತಿ ಅಡುಗೆಮನೆಯಲ್ಲೇ ಕಳೆದವರು, ಊರ ಹತ್ತಿರದ ಗುಡಿಗಳನ್ನೂ ನೋಡಿರ್ಲಿಲ್ಲ. ದೇಶ ಸುತ್ತಿದ್ರು, ನೇಪಾಳ, ಭೂತಾನ್, ಮ್ಯಾನ್ಮಾರ್‌ಗೂ ಹೋದ್ರು. ಅದೂ ಸ್ಕೂಟರಲ್ಲಿ.

ಈ ಎರಡನೇದನ್ನ ನಾವೆಲ್ಲ ಶೇರ್ ಮಾಡಿದ್ವಿ, "ಶ್ರವಣ ಕುಮಾರ" ಅಂತ ಮಗನನ್ನ ಹೊಗಳಿದ್ವಿ. ಸರಿಯಾಗೇ ಹೊಗಳಿದ್ವಿ. ಆದ್ರೆ ಇನ್ನೊಂದು ಸಲ ನೋಡಿ. ಬಿಸಿಲಲ್ಲಿ, ಮಳೇಲಿ, ಸಾವಿರಾರು ಕಿಲೋಮೀಟರ್ ಆ ಸೀಟಿನ ಮೇಲೆ ಕೂತಿದ್ದು ಆ ತಾಯಿ. ಅವರಿಗೆ ಆಗುತ್ತಾ ಅಂತ ಮಗ ವಯಸ್ಸು ನೋಡಿ ತೀರ್ಮಾನ ಮಾಡ್ಲಿಲ್ಲ. ಕೇಳಿದ, ಅವರು ಬರ್ತೀನಿ ಅಂದ್ರು.

ನಿಮ್ಮ ಅಮ್ಮನ್ನ ಕೊನೇ ಸಲ ಯಾವಾಗ ಕೇಳಿದ್ರಿ? ಸಂತೆಗೆ, ಬ್ಯಾಂಕಿಗೆ, ನಿಮ್ಮ ಟ್ಯೂಷನ್ನಿಗೆ ಅಂತ ಇಪ್ಪತ್ತು ವರ್ಷ ಸ್ಕೂಟಿ ಓಡಿಸಿದ್ದಾರಲ್ಲ. ಅವರಿಗೇ ಅಂತ ಒಂದು ದಿನ, ಎಲ್ಲಿಗೂ ತಲುಪೋ ಅವಸರ ಇಲ್ದೆ, ಓಡಿಸೋ ಆಸೆ ಇದ್ಯಾ ಅಂತ?

ಭಾಗ 7/7

ಬೈದಿದ್ದು ಸಾಕು, ಕೆಲಸಕ್ಕೆ ಬರೋಣ. ಇದನ್ನ ಸೇವ್ ಮಾಡ್ಕೊಳ್ಳಿ.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆಯಲ್ಲಿ ಬೈಕ್ ಓಡಿಸೋಕೆ ಗರಿಷ್ಠ ವಯಸ್ಸು ಅಂತಲೇ ಇಲ್ಲ. ಬದಲಿಗೆ ತಪಾಸಣೆ ಇದೆ. 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣ. 40 ದಾಟಿದವರು ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರ ತರ್ಬೇಕು. ಕಾನೂನೇ "ವಯಸ್ಸಾಯ್ತು, ನಿಲ್ಸು" ಅನ್ನಲ್ಲ, "ತೋರಿಸ್ಕೊಂಡು ಬಾ" ಅನ್ನುತ್ತೆ. ಮನೆಯವರು ಕಾನೂನಿಗಿಂತ ಕಟುಕರಾಗೋದು ಬೇಡ.

ಕೀ ಕಿತ್ಕೊಳ್ಳೋ ಬದಲು ಇಷ್ಟು ಮಾಡಿ:

– ಅಪ್ಪನ ಲೈಸೆನ್ಸ್ ಯಾವಾಗ ಮುಗಿಯುತ್ತೆ ನೋಡಿ. ಇನ್ಶೂರೆನ್ಸ್ ಪೇಪರ್ ತೆಗೆದು, 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆ ಇದ್ಯಾ ಓದಿ. ಬಿಕಾಂ ಓದಿದ್ದು ಇದಕ್ಕಾದ್ರೂ ಉಪಯೋಗ ಆಗ್ಲಿ.
– ಕಣ್ಣಿನ ತಪಾಸಣೆಗೆ ನೀವೇ ಕರ್ಕೊಂಡು ಹೋಗಿ. ಬಿಪಿ, ಶುಗರ್ ಮಾತ್ರೆ ಇದ್ರೆ, ತಗೊಂಡು ಬೈಕ್ ಓಡಿಸ್ಬಹುದಾ ಅಂತ ಡಾಕ್ಟರನ್ನೇ ಕೇಳಿ.
– ಹಳೇ ಟೋಪಿ ಹೆಲ್ಮೆಟ್ ಬಿಸಾಕಿ, ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಕೊಡಿಸಿ. ಹೊಸ ಶೂಗಿಂತ ಒಳ್ಳೇ ಗಿಫ್ಟ್.
– ದೂರ ಹೋಗೋವಾಗ ಲೊಕೇಷನ್ ಶೇರ್ ಮಾಡೋದು ಹೇಳ್ಕೊಡಿ. ಹತ್ತು ನಿಮಿಷಕ್ಕೊಂದು ಫೋನ್ ಮಾಡಿ ಪ್ರಾಣ ತಿನ್ನಬೇಡಿ.
– ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ಜೊತೇಲಿ ಕೂತು ಈಗ್ಲೇ ಮಾತಾಡಿ. ಸ್ಟ್ಯಾಂಡ್ ಹಾಕೋವಾಗ ಬೈಕ್ ಪದೇ ಪದೇ ವಾಲಿದ್ರೆ, ಹಿಂದೆ ಬರೋ ಗಾಡಿ ಕತ್ತು ತಿರುಗಿಸಿ ನೋಡೋಕೆ ಆಗದಿದ್ರೆ, ಗೊತ್ತಿರೋ ದಾರಿ ತಪ್ಪಿದ್ರೆ, ಸ್ವಲ್ಪದ್ರಲ್ಲಿ ತಪ್ಪಿದ ಅಪಘಾತಗಳು ಜಾಸ್ತಿ ಆದ್ರೆ, ಆಗ ನಿಲ್ಲಿಸೋದು. ಇದೇ ಪಟ್ಟಿ ನಿಮಗೂ ಅನ್ವಯ. ಇಪ್ಪತ್ತು ವರ್ಷಕ್ಕೆ ವಿನಾಯಿತಿ ಇಲ್ಲ.

ಕೊನೇದಾಗಿ ಕಾಮೆಂಟ್ ಹಾಕೋರಿಗೆ. ಇನ್ನೊಂದು ನಲವತ್ತು ವರ್ಷಕ್ಕೆ ನಾವೂ ಅರವತ್ತು. ಆಗ ಯಾವುದೋ ಘಾಟಿಯಲ್ಲಿ ಬೈಕ್ ನಿಲ್ಲಿಸಿ, ಮಂಡಿ ಸ್ವಲ್ಪ ಉಜ್ಕೊಂಡು, ಟೀ ಕುಡೀತಾ ನಿಂತಿರೋವಾಗ ಒಬ್ಬ ಹುಡುಗ ಬಂದು "ಎಲ್ಲಿಂದ ಬಂದ್ರಿ ಸಾರ್, ರೋಡ್ ಹೆಂಗಿದೆ ಮುಂದೆ?" ಅಂತ ಕೇಳ್ಬೇಕಾ, ಇಲ್ಲ ಫೋನ್ ಎತ್ತಿ ನಗ್ತಾ ವಿಡಿಯೋ ಮಾಡ್ಬೇಕಾ? ಇವತ್ತು ನಾವು ಏನು ಕಲಿಸ್ತೀವೋ ಅವನು ಅದನ್ನೇ ಮಾಡ್ತಾನೆ.

ನಿಮ್ಮನೇಲಿ ಐವತ್ತು ದಾಟಿದ ರೈಡರ್ ಇದ್ರೆ ಅವರ ಒಂದು ಫೋಟೋ ಸ್ಟೋರಿಗೆ ಹಾಕಿ ನನ್ನ ಟ್ಯಾಗ್ ಮಾಡಿ. ಮೊದಲು ಅವರನ್ನ ಕೇಳಿ, ಆಮೇಲೆ ಹಾಕಿ.

#ಕೀ_ವಾಪಸ್_ಕೊಡಿ #ಅಪ್ಪನ_ಬೈಕ್ #ಅಮ್ಮನ_ಸ್ಕೂಟರ್